ಆರ್‌ಪಿಜಿ: ಓಪನ್ ಮೈನಸ್ 1 ಕೊಡುತ್ತಿದೆ, ಕನ್ನಡ ಹೆಸರೂ ಕೆಡುತ್ತಿದೆ

ಪ್ರಶ್ನೆ: ಐಬಿಎಂ ಐ 7.4ರಲ್ಲಿ (ಐಬಿಎಂ ಸರ್ವರ್‌ನ ಆಪರೇಟಿಂಗ್ ಸಿಸ್ಟಂ) ಆರ್‌ಪಿಜಿ ಭಾಷೆಯ ಪ್ರೋಗ್ರಾಂನಿಂದ ಗ್ರಾಹಕರ ಹೆಸರುಗಳನ್ನು ಐಎಫ್‌ಎಸ್‌ನ (ಅದರ ಫೋಲ್ಡರ್-ಫೈಲ್ ವ್ಯವಸ್ಥೆ) ಸಿಎಸ್‌ವಿ ಫೈಲಿಗೆ ಬರೆಯಬೇಕು. ಟೇಬಲ್ ಸಿಸಿಎಸ್‌ಐಡಿ (ಅಕ್ಷರ ಸಂಕೇತದ ಸಂಖ್ಯೆ) 1208, ಅಂದರೆ ಯುಟಿಎಫ್-8. ಫೈಲ್ ತೆರೆಯುವ ಓಪನ್ ಫಂಕ್ಷನ್ ಕೆಲವೊಮ್ಮೆ ಮೈನಸ್ 1 (ವಿಫಲ) ಕೊಡುತ್ತದೆ. ತೆರೆದರೂ ಕನ್ನಡ ಅಕ್ಷರ ಮಾಯ. ಪ್ರೋಗ್ರಾಂ ಓಡುವ ಜಾಬ್‌ನ ಸಿಸಿಎಸ್‌ಐಡಿ 37.

ಉತ್ತರ 1: ಮೊದಲು ಎರ್‌ನೋ (ದೋಷ ಸಂಖ್ಯೆ) ನೋಡಿ ಸರ್. 3025 ಅಂದ್ರೆ ಪಾತ್ ಇಲ್ಲ, 3401 ಅಂದ್ರೆ ಅನುಮತಿ ಇಲ್ಲ. ಪಾತ್ ಸರಿಯಿದ್ದೂ 3025 ಬಂದರೆ ಹೆಚ್ಚಾಗಿ ಪಾತ್‌ನ ಕೊನೆಯ ಖಾಲಿ ಜಾಗಗಳೇ ಕಾರಣ: ಪ್ರೊಟೊಟೈಪ್‌ನಲ್ಲಿ (ಓಪನ್‌ನ ಘೋಷಣೆ) ಆಪ್ಷನ್ಸ್ ಸ್ಟ್ರಿಂಗ್ ಹಾಕಿ, ಪಾತನ್ನು ಟ್ರಿಮ್ ಮಾಡಿ (ಖಾಲಿ ಜಾಗ ಕತ್ತರಿಸಿ) ಕಳಿಸಿ.

ಉತ್ತರ 2: ಅಕ್ಷರ ಕೆಡುವುದು ಬೇರೆ ಕಡೆ. 37ರಲ್ಲಿ ಕನ್ನಡವೇ ಇಲ್ಲ; ವೇರಿಯೇಬಲ್ 37ರಲ್ಲಿದ್ದರೆ ಓದುವಾಗಲೇ ಪ್ರತಿ ಅಕ್ಷರ ಹೆಕ್ಸ್ 3ಎಫ್ (ಬದಲಿ ಗುರುತು) ಆಗಿಬಿಡುತ್ತದೆ, ಆಮೇಲೆ ಏನು ಮಾಡಿದರೂ ವಾಪಸ್ ಬರಲ್ಲ. ವೇರಿಯೇಬಲನ್ನು ವಾರ್‌ಚಾರ್, ಸಿಸಿಎಸ್‌ಐಡಿ ಯುಟಿಎಫ್8 ಎಂದು ಘೋಷಿಸಿ. ಓಪನ್‌ಗೆ ಫ್ಲ್ಯಾಗ್ 2+8+32+64=106 (ಬರೆ, ಇಲ್ಲದಿದ್ದರೆ ಸೃಷ್ಟಿಸು, ಸಿಸಿಎಸ್‌ಐಡಿ ಕೊಡುತ್ತೇನೆ, ಹಳೆಯದನ್ನು ಖಾಲಿ ಮಾಡು), ಮೋಡ್ (ಫೈಲ್ ಅನುಮತಿ) ನಂತರ 1208 ಕೊಡಿ. ಸಂಕೇತ ಪರಿವರ್ತಿಸುವ ಟೆಕ್ಸ್ಟ್‌ಡೇಟಾ ಫ್ಲ್ಯಾಗ್ ಬೇಡ, ಡೇಟಾ ಆಗಲೇ ಯುಟಿಎಫ್-8. ಉದ್ದ ಬೈಟ್‌ನಲ್ಲಿ ಲೆಕ್ಕ: ‘ಕ್ಷ’ ಒಂದಕ್ಕೇ 9 ಬೈಟ್.

ಉತ್ತರ 3: ಹಳೆಯ ಫೈಲ್ ಅಲ್ಲೇ ಇದ್ದರೆ ಅದರ ಸಿಸಿಎಸ್‌ಐಡಿ ಬದಲಾಗಲ್ಲ, ಟ್ರಂಕೇಟ್ (ಖಾಲಿ) ಮಾಡಿದರೂ ಅಷ್ಟೇ. ಅನ್‌ಲಿಂಕ್ ಮಾಡಿ (ಅಳಿಸಿ) ಹೊಸದಾಗಿ ತೆರೆಯಿರಿ.