ಸಹಾಯ ಬೇಕು: ಲಂಡನ್ನಿನ ಮೇಣದ ಮ್ಯೂಸಿಯಂನಿಂದ ಬಸವಣ್ಣನವರ ಪ್ರತಿಮೆಗೆ

ಅಮ್ಮನ ಜೊತೆ ಲಂಡನ್ನಿನಲ್ಲಿದ್ದೇನೆ. ಶನಿವಾರ ಬೆಳಿಗ್ಗೆ ಮೇಡಂ ಟುಸ್ಸಾಡ್ಸ್‌ಗೆ ಟಿಕೆಟ್ ಇದೆ. 2000ರಲ್ಲಿ ಅಲ್ಲಿ ಅಮಿತಾಭ್ ಬಚ್ಚನ್ ಮೇಣದ ಪ್ರತಿಮೆ ಇಟ್ಟಾಗ ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಅಮ್ಮ ಕತ್ತರಿಸಿ, ಬೀರುವಿನ ಸೀರೆಗಳ ಕೆಳಗೆ ಇನ್ನೂ ಇಟ್ಟುಕೊಂಡಿದ್ದಾರೆ! ಅಲ್ಲಿಂದ ಅದೇ ದಿನ ಥೇಮ್ಸ್ ದಡದ ಬಸವಣ್ಣನವರ ಪ್ರತಿಮೆಯನ್ನೂ ನೋಡಲೇಬೇಕಂತೆ.

ತೊಂದರೆ ಅವರ ಮಂಡಿಯದು. ಹತ್ತು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಾರೆ. ಮ್ಯೂಸಿಯಂ ಪಕ್ಕದ ಬೇಕರ್ ಸ್ಟ್ರೀಟ್ ನಿಲ್ದಾಣದಲ್ಲಿ ಸುರಂಗ ರೈಲಿಗೆ ಇಳಿಯಲು ಲಿಫ್ಟ್ ಇಲ್ಲ. ಮೊಬೈಲ್ ನಕ್ಷೆ ಒಮ್ಮೆ ಒಂದು ಬಸ್, ಇನ್ನೊಮ್ಮೆ ಎರಡು ಬಸ್ ತೋರಿಸುತ್ತಿದೆ. ಟ್ಯಾಕ್ಸಿ ಎಂದರೆ ಬಾಡಿಗೆಯನ್ನು ರೂಪಾಯಿಯಲ್ಲಿ ಲೆಕ್ಕ ಹಾಕಿ ಅಮ್ಮ ಹೌಹಾರುತ್ತಾರೆ.

ವಯಸ್ಸಾದವರನ್ನು ಕರೆದುಕೊಂಡು ಹೋದವರು ದಯವಿಟ್ಟು ಹೇಳಿ: ಮೆಟ್ಟಿಲು ಹತ್ತದೆ, ಹೆಚ್ಚು ನಡೆಯದೆ, ಬಸವಣ್ಣನವರ ಪ್ರತಿಮೆ ಇರುವ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ತಲುಪಲು ಯಾವ ಬಸ್ ಹತ್ತಿ, ಎಲ್ಲಿ ಇಳಿಯಬೇಕು?