ಅಟ್ಟದಿಂದ ಇಳಿಸಿದ ಪೆಂಟಿಯಂನಲ್ಲಿ ಫೇಟ್ ಆಫ್ ಅಟ್ಲಾಂಟಿಸ್ ಓಡಿಸ್ಬೇಕು, ಹಳೇ ಸೇವ್ (ಆಟ ನಿಲ್ಲಿಸಿದ ಜಾಗ ಬರೆದಿಟ್ಟ ಫೈಲ್) ಹೋಗ್ಬಾರ್ದು

ಮಲ್ಪೆ_ಹುಡುಗ:

ನಮಸ್ಕಾರ ಎಲ್ರಿಗೂ. ಮಳೆಗಾಲಕ್ಕೆ ಮೊದ್ಲು ಹಂಚು ಸರಿ ಮಾಡಿಸುವ ಅಂತ ಅಟ್ಟ ಖಾಲಿ ಮಾಡುವಾಗ ನಮ್ಮ ಹಳೇ ಕಂಪ್ಯೂಟರ್ ಸಿಕ್ತು. 1997ರಲ್ಲಿ ಅಪ್ಪ ತೆಗೆದದ್ದು, ಪೆಂಟಿಯಂ 133, 16 ಎಂಬಿ ರ‍್ಯಾಮ್, 1.2 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 95. ಅದ್ರಲ್ಲಿ ಇಂಡಿಯಾನಾ ಜೋನ್ಸ್ ಅಂಡ್ ದಿ ಫೇಟ್ ಆಫ್ ಅಟ್ಲಾಂಟಿಸ್ ಗೇಮ್ ಉಂಟು, ಲುಕಾಸ್ ಆರ್ಟ್ಸ್‌ನವರ 1992ರದ್ದು, ಫ್ಲಾಪಿಯಿಂದ ಹಾಕಿದ್ದು. ಮಾವ ದುಬೈಯಿಂದ ರಜೆಗೆ ಬಂದಾಗೆಲ್ಲ ನಾನೂ ಅವರೂ ರಾತ್ರಿ ಊಟ ಆದ್ಮೇಲೆ ಕೂತು ಆಡ್ತಿದ್ದೆವು, ಅವರು ಮೌಸ್ ಹಿಡಿಯುದು, ನಾನು ನೋಟ್ ಬುಕ್ಕಲ್ಲಿ ಆ ಕಲ್ಲಿನ ಚಕ್ರಗಳ ಚಿತ್ರ ಬರ್ಕೊಳ್ಳುದು. 1998ರ ಮೇ ತಿಂಗಳಲ್ಲಿ ಕ್ರೀಟ್ ದ್ವೀಪದ ಚಕ್ರವ್ಯೂಹದ ಒಳಗೆ ಇರುವಾಗ ಅವರ ರಜೆ ಮುಗೀತು. ಮುಂದಿನ ಸಲ ಬರುವಾಗ ನಾನು ಹಾಸ್ಟೆಲಲ್ಲಿ, ಮತ್ತೆ ಕಂಪ್ಯೂಟರ್ ಅಟ್ಟಕ್ಕೆ ಹೋಯ್ತು. ಈಗ ಮಾವ ಅಲ್ಲಿ ಕೆಲಸ ಬಿಟ್ಟು ಪೂರ್ತಿ ಊರಿಗೇ ಬರ್ತಿದ್ದಾರೆ, ಅವರಿಗೆ ಅದೇ ಮೆಷಿನಲ್ಲಿ ಅದೇ ಜಾಗದಿಂದ ಗೇಮ್ ಶುರು ಮಾಡಿ ಕೊಡ್ಬೇಕು ಅಂತ ಆಸೆ.

ಸ್ವಿಚ್ ಹಾಕಿದ್ರೆ ಮೊದ್ಲು ಹಾರ್ಡ್ ಡಿಸ್ಕೇ ಇಲ್ಲ ಅಂತ ಬಂತು, ಬಯೋಸ್‌ಗೆ (ಕಂಪ್ಯೂಟರ್ ಏಳುವಾಗಿನ ಸೆಟ್ಟಿಂಗ್) ಹೋಗಿ ಡಿಸ್ಕನ್ನು ತಾನೇ ಹುಡುಕುವ ಆಟೋ ಡಿಟೆಕ್ಟ್ ಕೊಟ್ಟ ಮೇಲೆ ವಿಂಡೋಸ್ ಬಂತು. ಡಾಸ್ ಮೋಡಿಗೆ (ವಿಂಡೋಸಿಗಿಂತ ಮೊದಲಿನ, ಕಮಾಂಡ್ ಟೈಪ್ ಮಾಡುವ ಸಿಸ್ಟಮ್) ಹೋಗಿ ಗೇಮ್ ಕೊಟ್ರೆ ಮೆಮೊರಿ ಸಾಕಾಗುದಿಲ್ಲ ಅಂತದೆ, 16 ಎಂಬಿ ಇದ್ದೂ ಇದೆಂತ ಕತೆ ಗೊತ್ತಾಗ್ಲಿಲ್ಲ. ಮೌಸೂ ಇಲ್ಲ. ಹಾರ್ಡ್ ಡಿಸ್ಕ್ ಒಂಥರಾ ಕಿರ್ ಕಿರ್ ಶಬ್ದ ಮಾಡ್ತಿತ್ತು, ಹೆದರಿ ಆಫ್ ಮಾಡಿ ಇಟ್ಟಿದ್ದೇನೆ. ಫ್ಲಾಪಿ ಪೆಟ್ಟಿಗೆಯೂ ಉಂಟು ಆದ್ರೆ ಎಲ್ಲದಕ್ಕೂ ಬೂಷ್ಟು ಹಿಡಿದಿದೆ. ಎಂತ ಮಾಡುದು ಹೇಳಿ ಪ್ಲೀಸ್.

ಬಲ್ಮಠದ_ಬೈಟು:

ಅಣ್ಣ ಇಷ್ಟೆಲ್ಲ ಕಷ್ಟ ಯಾಕೆ, ಹಳೇ ಗೇಮ್ ಓಡಿಸುವ ಪ್ರೋಗ್ರಾಂ ಸ್ಕಮ್‌ವಿಎಂ ಉಂಟಲ್ಲ, ಅದನ್ನು ಹಾಕಿ. ಲ್ಯಾಪ್‌ಟಾಪಲ್ಲೂ ಮೊಬೈಲಲ್ಲೂ ಓಡ್ತದೆ, ಫ್ರೀ. ಗೇಮ್ ಫೋಲ್ಡರಲ್ಲಿ ಅಟ್ಲಾಂಟಿಸ್ ಅಂತ ಹೆಸರಿದ್ದು ಕೊನೆಗೆ 000, 001 ಅಂತ ಇರುವ ಎರಡು ಫೈಲ್ ಸಿಗ್ತದೆ, ಅದನ್ನು ತೋರಿಸಿದ್ರೆ ಸಾಕು, ಉಳಿದದ್ದು ಅದೇ ನೋಡ್ಕೊಳ್ತದೆ. ಮೆಮೊರಿ ಕಿರಿಕಿರಿ ಇಲ್ಲ, ಮೌಸ್ ಡ್ರೈವರ್ ಬೇಡ. ಅದೂ ಅಲ್ದೆ ಗೇಮ್ ಈಗ್ಲೂ ಆನ್‌ಲೈನಲ್ಲಿ ಮಾರಾಟಕ್ಕೆ ಉಂಟು, ಪಾತ್ರಗಳು ಮಾತಾಡುವ ವರ್ಶನ್ನೇ ಸಿಗ್ತದೆ.

ಬಿಜೈ_ಅಕ್ಕ:

ತಮ್ಮ, ಸ್ಕಮ್‌ವಿಎಂ ಒಳ್ಳೇದೇ, ನಾನೂ ದಿನಾ ಉಪಯೋಗಿಸ್ತೇನೆ, ಆದ್ರೆ ಇಲ್ಲಿ ಅದು ಉಪಯೋಗಕ್ಕೆ ಬರುದಿಲ್ಲ. ಅವರು ಕೇಳಿದ್ದು 1998ರ ಸೇವ್. ಸ್ಕಮ್‌ವಿಎಂ ಗೇಮಿನ ಚಿತ್ರ, ಸಂಗೀತ, ಕತೆಯ ಫೈಲುಗಳನ್ನು ಮಾತ್ರ ತಗೊಳ್ತದೆ, ಗೇಮಿನ ಮೂಲ ಪ್ರೋಗ್ರಾಮನ್ನು ಓಡಿಸುದೇ ಇಲ್ಲ, ಆ ಕೆಲಸ ತಾನೇ ಮಾಡ್ತದೆ. ಹಾಗಾಗಿ ಮೂಲ ಪ್ರೋಗ್ರಾಂ ಬರೆದಿಟ್ಟ ಸೇವ್ ಅದಕ್ಕೆ ಓದ್ಲಿಕ್ಕೆ ಬರುದಿಲ್ಲ. ಹೊಸದಾಗಿ ಮಾತಾಡುವ ವರ್ಶನ್ ತಗೊಂಡ್ರೂ ಅಷ್ಟೆ, ಫ್ಲಾಪಿ ವರ್ಶನಿನ ಸೇವ್ ಅದಕ್ಕೆ ಹೊಂದುದಿಲ್ಲ. ಡಾಸ್‌ಬಾಕ್ಸ್ ಹಾಗಲ್ಲ, ಅದು ಇಡೀ ಹಳೇ ಕಂಪ್ಯೂಟರನ್ನೇ ಲ್ಯಾಪ್‌ಟಾಪಿನ ಒಳಗೆ ಕೂರಿಸಿದ ಹಾಗೆ, ನಿಮ್ಮ ಹಾರ್ಡ್ ಡಿಸ್ಕಲ್ಲಿ ಇರುವ ಅದೇ ಪ್ರೋಗ್ರಾಮನ್ನು ಓಡಿಸ್ತದೆ, ಹಾಗಾಗಿ ಸೇವೂ ತೆರೀತದೆ.

ಮಲ್ಪೆಯವರೇ, ಈಗ ಒಂದು ಮಾತು ಕೇಳಿ. ಆ ಮೆಷಿನನ್ನು ಇನ್ನು ಆನ್ ಮಾಡ್ಬೇಡಿ. ನೀವಿರುದು ಸಮುದ್ರದ ಬದಿಯಲ್ಲಿ, ಅಟ್ಟದಲ್ಲಿ ಇಪ್ಪತ್ತೈದು ಮಳೆಗಾಲ ಕಳೆದ ಡಿಸ್ಕ್ ಅದು, ಉಪ್ಪುಗಾಳಿ ತಿಂದಿರ್ತದೆ. ಆ ಶಬ್ದ ಬರುವ ಡಿಸ್ಕಿಗೆ ಎಷ್ಟು ಆಯುಷ್ಯ ಉಂಟು ಅಂತ ಯಾರೂ ಹೇಳ್ಲಿಕ್ಕೆ ಆಗುದಿಲ್ಲ, ವಿಂಡೋಸ್ 95 ಒಂದ್ಸಲ ಬೂಟ್ ಆಗುವಾಗ್ಲೇ ಎಷ್ಟೋ ಸಲ ಡಿಸ್ಕಿಗೆ ಬರೀತದೆ. ಫ್ಲಾಪಿಗೆ ಬೂಷ್ಟು ಬಂದಿದ್ರೆ ಆ ಡಿಸ್ಕೇ ನಿಮ್ಮ ಒಂದೇ ಒಂದು ಪ್ರತಿ. ಮೊದ್ಲು ಕಾಪಿ, ಮತ್ತೆ ಆಟ.

ಡಿಸ್ಕ್ ಬಿಚ್ಚಿ ತೆಗೀರಿ, ಎರಡು ದಿನ ಒಣಗಿದ ಕೋಣೆಯಲ್ಲಿ ಸಿಲಿಕಾ ಜೆಲ್ ಪ್ಯಾಕೆಟ್ ಜೊತೆ ಡಬ್ಬದಲ್ಲಿಡಿ. ಐಡಿಇಯಿಂದ (ಹಳೇ ಡಿಸ್ಕಿನ ಅಗಲ ಕೇಬಲ್ ಜೋಡಣೆ) ಯುಎಸ್‌ಬಿಗೆ ಹಾಕುವ ಅಡಾಪ್ಟರ್ ತರಿಸಿ, ಬೇರೆ ಪವರ್ ಬ್ರಿಕ್ ಇರುವಂಥದ್ದೇ ಆಗ್ಬೇಕು, ಯಾಕಂದ್ರೆ ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿಯಲ್ಲಿ ಬರುದು 5 ಮಾತ್ರ. ಡಿಸ್ಕಿನ ಹಿಂದಿನ ಸಣ್ಣ ಪಿನ್ ಕ್ಲಿಪ್, ಅಂದ್ರೆ ಜಂಪರ್, ಮಾಸ್ಟರಲ್ಲಿ ಇರ್ಲಿ. ಲ್ಯಾಪ್‌ಟಾಪನ್ನು ಲಿನಕ್ಸ್ ಪೆನ್‌ಡ್ರೈವಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಅಂತ ಪ್ರೋಗ್ರಾಮಲ್ಲಿ ಇಡೀ ಡಿಸ್ಕಿನ ಇಮೇಜ್, ಅಂದ್ರೆ ಒಂದೇ ಫೈಲಲ್ಲಿ ಪೂರ್ತಿ ನಕಲು, ತೆಗೀರಿ. ಅದ್ರ ಗುಣ ಎಂತ ಅಂದ್ರೆ ಓದ್ಲಿಕ್ಕೆ ಸುಲಭ ಇರುವ ಭಾಗ ಮೊದ್ಲು ತಗೊಳ್ತದೆ, ಹಾಳಾದ ಜಾಗದಲ್ಲಿ ಗುದ್ದಾಡ್ತಾ ಕೂರುದಿಲ್ಲ, ಅದಕ್ಕೆ ಮತ್ತೆ ಬಂದು ಪ್ರಯತ್ನ ಮಾಡ್ತದೆ. ಎಲ್ಲಿವರೆಗೆ ಓದಿತು ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಡ್ಲಿಕ್ಕೆ ಮರೀಬೇಡಿ, ಕೊಟ್ರೆ ಮಧ್ಯದಲ್ಲಿ ಕರೆಂಟ್ ಹೋದ್ರೂ ನಿಂತಲ್ಲಿಂದ ಮುಂದುವರೀತದೆ, ನಮ್ಮ ಊರಿಗೆ ಅದು ಬೇಕೇ ಬೇಕು. ವಿಂಡೋಸ್ ಲ್ಯಾಪ್‌ಟಾಪಿಗೆ ಚುಚ್ಚಿ ಅದು ಫಾರ್ಮ್ಯಾಟ್ ಮಾಡುದಾ ಅಂತ ಕೇಳಿದ್ರೆ ಬೇಡ ಅಂತ್ಲೇ ಒತ್ತಿ.

ನಾನು ಇದನ್ನು ಇಷ್ಟು ಒತ್ತಿ ಹೇಳುದು ಯಾಕಂದ್ರೆ ನನ್ನ ತಮ್ಮನ ಡಿಸ್ಕ್ ಒಂದು ಅಂಗಡಿಗೆ ಕೊಟ್ಟಿದ್ದೆ, ಅವ್ರು ಡಾಟಾ ತೆಗೆದು ಕೊಡ್ತೇವೆ ಅಂದವ್ರು ಫಾರ್ಮ್ಯಾಟ್ ಮಾಡಿ ಕ್ಲೀನ್ ಆಗಿ ವಾಪಸ್ ಕೊಟ್ರು. ತಮ್ಮ ಈಗ ಇಲ್ಲ. ಅವನು ಆಡಿದ್ದು, ಬರೆದದ್ದು ಎಲ್ಲ ಅದ್ರಲ್ಲೇ ಇತ್ತು.

ಮಲ್ಪೆ_ಹುಡುಗ:

ಅಕ್ಕ ಓದಿ ತುಂಬ ಬೇಜಾರಾಯ್ತು. ನೀವು ಹೇಳಿದ ಹಾಗೇ ಮಾಡ್ತೇನೆ, ಅಡಾಪ್ಟರ್ ಆರ್ಡರ್ ಹಾಕಿದೆ, ಅದು ಬರುವ ತನಕ ಡಿಸ್ಕ್ ಮುಟ್ಟುದಿಲ್ಲ. ಆದ್ರೆ ಮಾವನಿಗೆ ಕೊಡುದು ಮಾತ್ರ ಆ ಮೆಷಿನಲ್ಲೇ, ಲ್ಯಾಪ್‌ಟಾಪಲ್ಲಿ ಅಲ್ಲ. ಆ ದೊಡ್ಡ ಮಾನಿಟರ್, ಆ ಕೀಬೋರ್ಡ್, ಎಲ್ಲ ಅವರೇ ಮಂಗಳೂರಿನ ಹಂಪನಕಟ್ಟೆಯಿಂದ ಅಪ್ಪನ ಜೊತೆ ಹೋಗಿ ತಂದದ್ದು.

ಸುರತ್ಕಲ್_486:

ಒಳ್ಳೇ ಕೆಲಸ ಮಾರಾಯ್ರೆ, ಹಾರ್ಡ್‌ವೇರ್ ಬಗ್ಗೆ ನಾನು ಹೇಳ್ತೇನೆ.

ಮೆಮೊರಿದು ಎಂತ ಅಂದ್ರೆ, ಇಂಥ ಹಳೇ ಡಾಸ್ ಪ್ರೋಗ್ರಾಮಿಗೆ ಓಡ್ಲಿಕ್ಕೆ ಸಿಗುದು ಮುಖ್ಯವಾಗಿ ಮೊದಲ 640 ಕೆಬಿ, ನಿಮ್ಮ ಹತ್ರ 16 ಎಂಬಿ ಇರ್ಲಿ 64 ಇರ್ಲಿ. ಆ 640ರಲ್ಲೇ ಡಾಸೂ ಕೂರ್ಬೇಕು, ಸಿಡಿ ಡ್ರೈವರ್, ಮೌಸ್ ಡ್ರೈವರ್, ಸೌಂಡಿನ ಸಾಮಾನು, ಎಲ್ಲ. ಇವೆಲ್ಲ ಜಾಗ ಹಿಡಿದ ಮೇಲೆ ಉಳಿದದ್ದು ಗೇಮಿಗೆ ಸಾಕಾಗುದಿಲ್ಲ, ಅದಕ್ಕೇ ಆ ಮೆಸೇಜ್. ನೀವು ಮಾಡ್ಬೇಕಾದ್ದು ಇವರನ್ನೆಲ್ಲ 640ರ ಮೇಲಿನ ಜಾಗಕ್ಕೆ ಹತ್ತಿಸುದು, ಬೇಡದವರನ್ನು ಹೊರಗೆ ಹಾಕುದು.

ಸ್ಟಾರ್ಟಿಂಗ್ ವಿಂಡೋಸ್ 95 ಅಂತ ಬರುವಾಗ ಎಫ್8 ಒತ್ತಿ, ಕಮಾಂಡ್ ಪ್ರಾಂಪ್ಟ್ ಓನ್ಲಿ ತಗೊಳ್ಳಿ. ಡಾಸ್ ಏಳುವಾಗ ಓದುವ ಫೈಲುಗಳಾದ ಕಾನ್ಫಿಗ್.ಸಿಸ್ ಮತ್ತು ಆಟೋಎಕ್ಸೆಕ್.ಬ್ಯಾಟ್ ಎರಡಕ್ಕೂ ಮೊದ್ಲು ಒಂದೊಂದು ಕಾಪಿ ಇಟ್ಕೊಳ್ಳಿ. ಕಾನ್ಫಿಗ್‌ನಲ್ಲಿ ಮೊದ್ಲು ಹಿಮೆಮ್ ಸಾಲು, ಮತ್ತೆ ಇಎಂಎಂ386 ಸಾಲು (ಎರಡೂ 640ರ ಮೇಲಿನ ಮೆಮೊರಿ ನೋಡ್ಕೊಳ್ಳುವ ಡ್ರೈವರ್), ಅದ್ರ ಕೊನೆಗೆ ನೋಇಎಂಎಸ್ ಅಂತ ಸೇರಿಸಿ, ಮತ್ತೆ ಡಾಸ್=ಹೈ,ಯುಎಂಬಿ. ಈ ಕ್ರಮ ತಪ್ಪಬಾರ್ದು, ಹಿಮೆಮ್ ಇಲ್ದೆ ಇಎಂಎಂ386 ಏಳುದಿಲ್ಲ. ನಿಮ್ದು ಫ್ಲಾಪಿ ವರ್ಶನ್ ಅಲ್ವಾ, ಸಿಡಿ ಬೇಕಾಗಿಯೇ ಇಲ್ಲ, ಕಾನ್ಫಿಗ್‌ನಲ್ಲಿ ಸಿಡಿ ಡ್ರೈವರ್ ಸಾಲು, ಆಟೋಎಕ್ಸೆಕಲ್ಲಿ ಎಂಎಸ್‌ಸಿಡಿಎಕ್ಸ್ (ಅದೂ ಸಿಡಿಗೇ) ಸಾಲು, ಎರಡರ ಎದುರೂ ರೆಮ್ (ಈ ಸಾಲು ಬಿಟ್ಟುಬಿಡು ಅಂತ ಗುರುತು) ಹಾಕಿ ಮಲಗಿಸಿ. ಡಿಸ್‌ಪ್ಲೇ.ಸಿಸ್ ಇದ್ರೆ ಅದಕ್ಕೂ ರೆಮ್. ಮೌಸಿಗೆ ಕ್ಯೂಟ್‌ಮೌಸ್ ಅಂತ ಫ್ರೀ ಡ್ರೈವರ್ ಉಂಟು, ಹಳೇ ಮೌಸ್ ಡ್ರೈವರಿಗಿಂತ ತುಂಬ ಸಣ್ಣದು, ಅದನ್ನು ಎದುರು ಎಲ್‌ಎಚ್ (ಮೇಲಿನ ಜಾಗಕ್ಕೆ ಹತ್ತಿಸುವ ಕಮಾಂಡ್) ಕೊಟ್ಟು ಲೋಡ್ ಮಾಡಿ. ಆಮೇಲೆ ಮೆಮೊರಿ ಲೆಕ್ಕ ತೋರಿಸುವ ಮೆಮ್ /ಸಿ ಕೊಟ್ಟು ನೋಡಿ, 580 ಕೆ ಮೇಲೆ ಖಾಲಿ ಇದ್ರೆ ಧೈರ್ಯ ಮಾಡ್ಬಹುದು.

ಸೌಂಡಿಗೆ ಆಟೋಎಕ್ಸೆಕಲ್ಲಿ ಸೆಟ್ ಬ್ಲಾಸ್ಟರ್ ಸಾಲು ಬೇಕು, ಸಾಮಾನ್ಯ ಎ220 ಐ5 ಡಿ1 ಟಿ4 ಅಂತ ಇರ್ತದೆ. ಎ ಅಂದ್ರೆ ಪೋರ್ಟ್, ಐ ಅಂದ್ರೆ ಐಆರ್‌ಕ್ಯೂ (ಕಾರ್ಡ್ ಪ್ರೊಸೆಸರನ್ನು ಕರೆಯುವ ನಂಬರ್), ಡಿ ಡಿಎಂಎ (ಕಾರ್ಡ್ ನೇರ ಮೆಮೊರಿಯಿಂದ ಡಾಟಾ ತಗೊಳ್ಳುವ ದಾರಿ), ಟಿ ಕಾರ್ಡಿನ ಜಾತಿ. ಸುಮ್ನೆ ನಾನು ಹೇಳಿದ್ದು ಬರೀಬೇಡಿ, ವಿಂಡೋಸಿನ ಡಿವೈಸ್ ಮ್ಯಾನೇಜರಲ್ಲಿ ನಿಮ್ಮ ಕಾರ್ಡಿಗೆ ಎಷ್ಟು ಕೊಟ್ಟಿದೆ ನೋಡಿ ಅದನ್ನೇ ಹಾಕಿ.

ಬಯೋಸ್ ಮರೆತು ಹೋಗುದು ಬ್ಯಾಟರಿ ಸತ್ತದ್ದಕ್ಕೆ. ಬೋರ್ಡಲ್ಲಿ ರೂಪಾಯಿ ನಾಣ್ಯದ ಹಾಗೆ ಇದ್ರೆ ಸಿಆರ್2032, ವಾಚ್ ಅಂಗಡಿಯಲ್ಲಿ ಸಿಗ್ತದೆ. ಸಣ್ಣ ಪೀಪಾಯಿ ಆಕಾರದ್ದು ಬೋರ್ಡಿಗೆ ಬೆಸುಗೆ ಹಾಕಿದ್ದು ಇದ್ರೆ ಅದು ಸೋರಿ ಸುತ್ತ ಹಸಿರು ಆಗಿರ್ತದೆ, ಮೊದ್ಲು ಅದನ್ನು ತೆಗೆಸಿ. ಆಟೋ ಡಿಟೆಕ್ಟಲ್ಲಿ ನಾರ್ಮಲ್, ಎಲ್‌ಬಿಎ (ಡಿಸ್ಕ್ ಓದುವ ಕ್ರಮಗಳು) ಅಂತೆಲ್ಲ ಕೇಳಿದ್ರೆ ಮೊದ್ಲು ಎಂತ ಇತ್ತೋ ಅದೇ ಆಗ್ಬೇಕು, ನಿಮಗೆ ವಿಂಡೋಸ್ ಬಂದ ಮೋಡನ್ನು ಈಗ್ಲೇ ಬರೆದಿಟ್ಟುಕೊಳ್ಳಿ. ಬೂಷ್ಟು ಹಿಡಿದ ಫ್ಲಾಪಿ ಡ್ರೈವಿಗೆ ಹಾಕ್ಲೇಬೇಡಿ, ಬೂಷ್ಟು ಹೆಡ್ಡಿಗೆ ಮೆತ್ತಿ ಮುಂದಿನ ಒಳ್ಳೇ ಫ್ಲಾಪಿಯನ್ನೂ ಗೀರಿ ಹಾಕ್ತದೆ. ಉಳಿಸ್ಲೇಬೇಕು ಅಂತಿದ್ರೆ ಮೊಬೈಲ್ ರಿಪೇರಿಯವ್ರ ಹತ್ರ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಸಿಗ್ತದೆ, ಶಟರ್ ಸರಿಸಿ ಹತ್ತಿಯಲ್ಲಿ ಮೆಲ್ಲ ಒರೆಸ್ತಾ ಚಕ್ರ ತಿರುಗಿಸಿ.

ಮಲ್ಪೆ_ಹುಡುಗ:

ಮೂರು ವಾರ ಆಯ್ತು, ಅಪ್‌ಡೇಟ್ ಕೊಡ್ತೇನೆ. ಇಮೇಜ್ ಬಂತು ಅಕ್ಕ. ಶನಿವಾರ ರಾತ್ರಿ ಶುರು ಮಾಡಿದ್ದು, ನಡುವೆ ಎರಡು ಸಲ ಕರೆಂಟ್ ಹೋಯ್ತು, ಎರಡು ಸಲವೂ ನಿಂತಲ್ಲಿಂದ ಹೋಯ್ತು, ಕೊನೆಗೆ ಸ್ವಲ್ಪ ಜಾಗ ಓದ್ಲಿಕ್ಕೆ ಆಗ್ಲಿಲ್ಲ ಆದ್ರೆ ಗೇಮ್ ಫೋಲ್ಡರ್ ಪೂರ್ತಿ ಸಿಕ್ತು. ಆ ಫೋಲ್ಡರನ್ನು ಡಾಸ್‌ಬಾಕ್ಸಲ್ಲಿ ಸಿ ಡ್ರೈವ್ ಅಂತ ಮೌಂಟ್ ಮಾಡಿ ಗೇಮ್ ಕೊಟ್ಟು ಎಫ್5 ಒತ್ತಿದೆ, ಸೇವ್‌ಗಳ ಪಟ್ಟಿ ಬಂತು. ಕೊನೇದರ ಹೆಸರು "ಮಾವ ನಾಳೆ ಹೋಗ್ತಾರೆ" ಅಂತ, ಇಂಗ್ಲಿಷ್ ಅಕ್ಷರದಲ್ಲಿ ನಾನೇ ಟೈಪ್ ಮಾಡಿದ್ದು, ಮರೆತೇ ಹೋಗಿತ್ತು. ತೆರೆದೆ, ಇಂಡಿಯಾನಾ ಜೋನ್ಸ್ ಚಕ್ರವ್ಯೂಹದ ಒಳಗೇ ನಿಂತಿದ್ದಾನೆ. ಮುಂದೆ ಒಂದು ಕ್ಲಿಕ್ಕೂ ಮಾಡ್ಲಿಲ್ಲ, ಹಾಗೇ ಬಂದ್ ಮಾಡಿದೆ.

ಮೆಷಿನಿಗೆ ಹೊಸ ಬ್ಯಾಟರಿ ಹಾಕಿದೆ, ಸುರತ್ಕಲ್‌ನವರು ಹೇಳಿದ ಸಾಲುಗಳನ್ನೆಲ್ಲ ಹಾಕಿದ ಮೇಲೆ 594 ಕೆ ಖಾಲಿ ಬಂತು, ಗೇಮ್ ಎದ್ದಿತು. ನಮ್ಮ ಕಾರ್ಡಿನ ಐಆರ್‌ಕ್ಯೂ 7 ಇತ್ತು, ಬ್ಲಾಸ್ಟರ್ ಸಾಲಲ್ಲಿ 5 ತೆಗೆದು 7 ಹಾಕಿದ ಕೂಡ್ಲೇ ಸಂಗೀತ ಬಂತು, ಅಮ್ಮ ಅಡಿಗೆ ಮನೆಯಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದ್ರು. ಮಾವ 14ನೇ ತಾರೀಕು ಬಜ್ಪೆ ಏರ್‌ಪೋರ್ಟಲ್ಲಿ ಇಳೀತಾರೆ, ಅವರಿಗೆ ಇನ್ನೂ ಹೇಳ್ಲಿಲ್ಲ.

ಒಂದೇ ಬಾಕಿ. ಮೌಸಿನ ಎಡ ಬಟನ್ ಹತ್ತು ಸಲ ಒತ್ತಿದ್ರೆ ಒಂದ್ಸಲ ಹಿಡೀತದೆ. 9 ಪಿನ್ನಿನ ಸೀರಿಯಲ್ ಮೌಸ್ ಯಾರ ಹತ್ರ ಆದ್ರೂ ಉಂಟಾ?

ಬಿಜೈ_ಅಕ್ಕ:

ಉಂಟು, ತಮ್ಮನದ್ದು. ಚೆನ್ನಾಗಿ ಓಡ್ತದೆ. 14ಕ್ಕೆ ಬಜ್ಪೆಗೆ ಹೋಗುವಾಗ ಬಿಜೈ ಆಗಿಯೇ ಹೋಗಿ, ತೆಗೆದಿಟ್ಟಿರ್ತೇನೆ.