30 ಕ್ಲಬ್ ಸುತ್ತಿದ ಗೋಲ್‌ಕೀಪರ್‌ಗಳದ್ದು ಏನು ಕಥೆ ಗುರು?

ಬಿಟಿಎಂ_ಬೆಂಚು:
ಒಂದು ಡೌಟು. ಇಂಗ್ಲೆಂಡ್‌ನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಸಿಟಿಲಿ ಸ್ಕಾಟ್ ಕಾರ್ಸನ್ ಅಂತ ಮೂರನೇ ಗೋಲ್‌ಕೀಪರ್ ಇದ್ರಲ್ಲ, 2019ರಲ್ಲಿ ಬಂದೋರು 2025ರವರೆಗೂ ಅಲ್ಲೇ ಇದ್ರು, ಆಡಿದ್ದು ಮಾತ್ರ ಎರಡೇ ಎರಡು ಮ್ಯಾಚು. 2023ರಲ್ಲಿ ಯುರೋಪಿನ ದೊಡ್ಡ ಕ್ಲಬ್‌ಗಳ ಕಪ್ ಚಾಂಪಿಯನ್ಸ್ ಲೀಗ್ ಗೆದ್ದಾಗ ಮೆಡಲ್ ಹಾಕ್ಕೊಂಡು ಎಲ್ಲರ ಜೊತೆ ನಿಂತಿದ್ರು. ಮೊನ್ನೆ ಆ ವಿಡಿಯೋ ನೋಡ್ತಾ ನಮ್ಮ ರೂಮಲ್ಲಿ ಜಗಳ ಶುರುವಾಯ್ತು, ಒಬ್ಬ ಇದು ಬಿಟ್ಟಿ ಸಂಬಳ ಅಂತಾನೆ, ಇನ್ನೊಬ್ಬ ನಂಗೂ ಅಂಥ ಕೆಲಸ ಕೊಡ್ಸೋ ಅಂತಾನೆ. ನಾನು ಕೇಳ್ತಿರೋದಕ್ಕೆ ಬೇರೆ ಕಾರಣ ಇದೆ. ನಮ್ಮಕ್ಕನ ಮಗ, 15 ವರ್ಷ, ಆಸ್ಟಿನ್ ಟೌನ್ ಕಡೆ ಕೋಚಿಂಗ್‌ಗೆ ಹೋಗ್ತಾನೆ, ಗೋಲ್‌ಕೀಪರ್. ಅದೇ ಟೀಮಲ್ಲಿ ಅವನಿಗಿಂತ ಉದ್ದದ ಹುಡುಗ ಒಬ್ಬ ಇದ್ದಾನೆ, ಇವನಿಗೆ ಚಾನ್ಸೇ ಸಿಗ್ತಿಲ್ಲ. ಬಿಟ್ಟುಬಿಡ್ತೀನಿ ಅಂತ ಕೂತಿದ್ದಾನೆ, ಅಕ್ಕ ನನ್ನ ಕೇಳ್ತಾಳೆ, ನಂಗೇನು ಗೊತ್ತು ಕರ್ಮ. ಹೀಗೆ ಬೆಂಚಲ್ಲಿ ಕೂತು, ಊರೂರು ಅಲೆದು ಜೀವನ ಮಾಡಿರೋ ಕೀಪರ್‌ಗಳ ಬದುಕು ನಿಜವಾಗ್ಲೂ ಹೇಗಿರತ್ತೆ? ಗೊತ್ತಿದ್ದೋರು ಹೇಳಿ.

ರಾತ್ರಿ_ಮ್ಯಾಚ್:
ಬಿಟ್ಟಿ ಸಂಬಳ ಅನ್ನೋ ನಿಮ್ಮ ಫ್ರೆಂಡ್‌ಗೆ 2007ರ ನವೆಂಬರ್ 21ರ ಇಂಗ್ಲೆಂಡ್-ಕ್ರೊವೇಷಿಯಾ ಮ್ಯಾಚ್ ಹೈಲೈಟ್ಸ್ ತೋರಿಸಿ. ಕಾರ್ಸನ್‌ಗೆ ಆಗ 22 ವರ್ಷ. ಮಾಮೂಲಿ ಕೀಪರ್ ಪಾಲ್ ರಾಬಿನ್ಸನ್‌ನ ಕೂರಿಸಿ ಇವರನ್ನ ಇಳಿಸಿದ್ರು, ಅದೂ ವೆಂಬ್ಲಿಲಿ, ಮಳೆಲಿ. ಎಂಟನೇ ನಿಮಿಷಕ್ಕೆ ಕ್ರೊವೇಷಿಯಾದ ಕ್ರಾಂಚಾರ್ ದೂರದಿಂದ ಹೊಡೆದ ಬಾಲು ಮುಂದೆ ಪುಟಿದು ಕೈಗೆ ತಗುಲಿ ಒಳಗೆ ಹೋಯ್ತು. 3-2ಕ್ಕೆ ಸೋತು ಇಂಗ್ಲೆಂಡ್ ಯೂರೋ 2008ಕ್ಕೇ ಹೋಗ್ಲಿಲ್ಲ, ಮರುದಿನ ಕೋಚ್ ಮೆಕ್ಲಾರನ್ ಕೆಲಸ ಹೋಯ್ತು. ಇಂಗ್ಲೆಂಡ್‌ಗೆ ಅವರು ಒಟ್ಟು ಆಡಿದ್ದು ನಾಲ್ಕೇ ಮ್ಯಾಚು. ಅದಾದ ಮೇಲೆ ವೆಸ್ಟ್ ಬ್ರಾಮ್, ಟರ್ಕಿಯ ಬುರ್ಸಾಸ್ಪೋರ್, ವಿಗನ್, ಡರ್ಬಿ ಅಂತ ಹೋಗಿದ್ದಾರೆ, ಅಲ್ಲೆಲ್ಲ ಬೆಂಚ್ ಬಿಸಿ ಮಾಡಿಲ್ಲ, ವರ್ಷಗಟ್ಟಲೆ ನಂಬರ್ ಒನ್ ಆಗೇ ಆಡಿದ್ದು.

ಸಿಟಿ ಇಟ್ಕೊಂಡಿದ್ದಕ್ಕೆ ಲೆಕ್ಕಾಚಾರನೂ ಇದೆ. ಚಾಂಪಿಯನ್ಸ್ ಲೀಗ್‌ಗೆ ಕೊಡೋ 25 ಜನರ ಪಟ್ಟಿಲಿ 8 ಜಾಗ ಅದೇ ದೇಶದಲ್ಲಿ ತಯಾರಾದ ಆಟಗಾರರಿಗೆ ಮೀಸಲು, ತುಂಬದಿದ್ರೆ ಅಷ್ಟು ಜಾಗ ಖೋತಾ. ಆಡಿಸದೇ ಇದ್ರೂ ಮುಖ ಊದಿಸ್ಕೊಳ್ಳದ, ಅನುಭವ ಇರೋ ಇಂಗ್ಲಿಷ್ ಕೀಪರ್ ಬೇಕು ಅಂದ್ರೆ ಮಾರ್ಕೆಟ್‌ನಲ್ಲಿ ಎಷ್ಟು ಜನ ಸಿಗ್ತಾರೆ ಹೇಳಿ. ಇನ್ನು ಅವರು ಆಡಿದ ಆ ಎರಡು ಮ್ಯಾಚ್: 2021ರಲ್ಲಿ ನ್ಯೂಕಾಸಲ್ ಮೇಲೆ 4-3, ಅದು ಹತ್ತು ವರ್ಷದ ನಂತರ ಇಂಗ್ಲೆಂಡ್‌ನ ಎಲ್ಲಕ್ಕಿಂತ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲಿ ಅವರ ಮೊದಲ ಮ್ಯಾಚು, ಅದ್ರಲ್ಲೂ ಒಂದು ಪೆನಾಲ್ಟಿ ತಡೆದ್ರು (ವಾಪಸ್ ಬಂದ ಬಾಲನ್ನ ವಿಲ್ಲಾಕ್ ಮತ್ತೆ ಹೊಡೆದು ಗೋಲ್ ಮಾಡಿದ, ಅದು ಬೇರೆ ಮಾತು). ಇನ್ನೊಂದು 2022ರಲ್ಲಿ ಸ್ಪೋರ್ಟಿಂಗ್ ಮೇಲೆ ಕೊನೇಲಿ ಇಳಿದಿದ್ದು.

ಹಳೇ_ಸ್ಕೋರ್‌ಬೋರ್ಡ್:
ಅಲೆಮಾರಿ ಕೀಪರ್ ಅಂದ್ಮೇಲೆ ಜಾನ್ ಬರಿಜ್ ಹೆಸರು ಬರ್ಲೇಬೇಕು, ಕಾರ್ಸನ್ ಎಲ್ಲ ಆಮೇಲೆ. 1951ರಲ್ಲಿ ವರ್ಕಿಂಗ್ಟನ್‌ನಲ್ಲಿ ಹುಟ್ಟಿದ್ದು, ಶುರು ಮಾಡಿದ್ದೂ ಅದೇ ಊರಿನ ಕ್ಲಬ್ಬಲ್ಲಿ. ಅಲ್ಲಿಂದ ಬ್ಲ್ಯಾಕ್‌ಪೂಲ್, ಆಸ್ಟನ್ ವಿಲ್ಲಾ, ಕ್ರಿಸ್ಟಲ್ ಪ್ಯಾಲೇಸ್, ಕ್ಯೂಪಿಆರ್, ವುಲ್ವ್ಸ್, ಶೆಫೀಲ್ಡ್ ಯುನೈಟೆಡ್, ಸೌತಾಂಪ್ಟನ್, ನ್ಯೂಕಾಸಲ್, ಹಿಬರ್ನಿಯನ್... ಕೊನೆಕೊನೆಗೆ ಸಣ್ಣ ಕ್ಲಬ್ಬೆಲ್ಲ ಸೇರಿ ಹತ್ತಿರ ಹತ್ತಿರ 30. ಲೀಗ್ ಮ್ಯಾಚೇ 700ರ ಮೇಲೆ. ಇಂಗ್ಲೆಂಡ್‌ಗೆ ಒಂದ್ಸಲನೂ ಆಡ್ಲಿಲ್ಲ. ಹಾಗಂತ ಖಾಲಿ ಕೈಯಲ್ಲಿ ಹೋದೋರಲ್ಲ, 1977ರಲ್ಲಿ ವಿಲ್ಲಾ ಜೊತೆ ಲೀಗ್ ಕಪ್, 1991ರಲ್ಲಿ ಹಿಬರ್ನಿಯನ್ ಜೊತೆ ಸ್ಕಾಟಿಷ್ ಲೀಗ್ ಕಪ್.

ಮನುಷ್ಯ ಸ್ವಲ್ಪ ಲೂಸು, ಪ್ರೀತಿಯಿಂದನೇ ಹೇಳ್ತಿದ್ದೀನಿ. ಮ್ಯಾಚ್‌ಗೆ ಮುಂಚೆ ವಾರ್ಮಪ್ ಅಂತ ಲಾಗ ಹೊಡೆಯೋದು, ಕೈ ಮೇಲೆ ನಡೆಯೋದು, ಅದನ್ನ ನೋಡಕ್ಕೇ ಜನ ಬೇಗ ಬರೋರಂತೆ. ಪ್ಯಾಲೇಸ್‌ನಲ್ಲಿದ್ದಾಗ ಟೀಮ್ ಗೆಲ್ತಿರೋ ಖುಷಿಗೆ ಗೋಲ್ ಪೋಸ್ಟ್ ಮೇಲಿನ ಅಡ್ಡಗಂಬಿ ಏರಿ ಕೂತಿದ್ದಾರೆ. ಮನೇಲಿ ಟಿವಿ ನೋಡ್ತಿರುವಾಗ ಹೆಂಡ್ತಿ ಹೇಳದೇ ಕೇಳದೇ ಹಣ್ಣು ಎಸೀಬೇಕು, ಇವರು ಹಿಡೀಬೇಕು, ರಿಫ್ಲೆಕ್ಸ್ ಪ್ರಾಕ್ಟೀಸ್ ಅಂತೆ. ಇದನ್ನ ಅವರೇ ಹೇಳಿಕೊಂಡಿರೋದು. ಆ ಹೆಂಗಸಿನ ತಾಳ್ಮೆಗೂ ಒಂದು ಕಪ್ ಕೊಡ್ಬೇಕಿತ್ತು.

1992ರಲ್ಲಿ ನಿಯಮನೇ ಬದಲಾಯ್ತು, ನಮ್ಮೋರು ಕಾಲಲ್ಲಿ ವಾಪಸ್ ಕೊಟ್ಟ ಬಾಲನ್ನ ಕೀಪರ್ ಕೈಯಲ್ಲಿ ಮುಟ್ಟೋ ಹಾಗಿಲ್ಲ. 20 ವರ್ಷ ಕೈಯಲ್ಲಿ ಆಡಿದೋರು 40ನೇ ವಯಸ್ಸಲ್ಲಿ ಕಾಲಲ್ಲಿ ಆಡೋದು ಕಲೀಬೇಕಾಯ್ತು. ಆದ್ರೂ 1995ರಲ್ಲಿ ಮ್ಯಾಂಚೆಸ್ಟರ್ ಸಿಟಿ ಕೀಪರ್ ಟೋನಿ ಕೋಟನ್‌ಗೆ ಪೆಟ್ಟಾದಾಗ ಸಿಟಿ ಪರ ಅರ್ಧದಲ್ಲಿ ಇಳಿದ್ರು, ಎದುರಿಗೆ ಇದ್ದಿದ್ದು ಅವರ ಹಳೇ ಕ್ಲಬ್ ನ್ಯೂಕಾಸಲ್, ಒಂದೂ ಗೋಲ್ ಬಿಡ್ಲಿಲ್ಲ. ಮೇ 14ಕ್ಕೆ ಕ್ಯೂಪಿಆರ್ ಮೇಲೆ ಆಡಿದಾಗ ವಯಸ್ಸು 43 ವರ್ಷ 162 ದಿನ, ಪ್ರೀಮಿಯರ್ ಲೀಗ್‌ನಲ್ಲಿ ಅಷ್ಟು ವಯಸ್ಸಾದ ಆಟಗಾರ ಆವತ್ತಿನವರೆಗೆ ಇನ್ನೊಬ್ಬರಿರಲಿಲ್ಲ. ಅಲ್ಲಿಗೂ ನಿಲ್ಲಿಸ್ಲಿಲ್ಲ ಪುಣ್ಯಾತ್ಮ, ಆಮೇಲೂ ಡಾರ್ಲಿಂಗ್ಟನ್ ತರದ ಸಣ್ಣ ಊರುಗಳಲ್ಲಿ ಆಡ್ತಾನೇ ಇದ್ರು.

ರೂವಿ_ಕನ್ನಡಿಗ:
ಮೇಲಿನ ಅಣ್ಣ ಮುಖ್ಯವಾದ್ದನ್ನೇ ಬಿಟ್ರಲ್ಲ. ಬರಿಜ್ ಆಮೇಲೆ ಬಂದಿದ್ದು ನಾವಿರೋ ಒಮಾನ್‌ಗೆ, ನ್ಯಾಷನಲ್ ಟೀಮ್‌ಗೆ ಗೋಲ್‌ಕೀಪಿಂಗ್ ಕೋಚ್ ಆಗಿ. ಇಲ್ಲಿ ಸಣ್ಣ ಕ್ಲಬ್ಬಲ್ಲಿ ಆಡ್ತಾ, ಮಸ್ಕತ್ ಏರ್‌ಪೋರ್ಟ್‌ನಲ್ಲಿ ಫೈರ್‌ಮ್ಯಾನ್ ಕೆಲಸ ಮಾಡ್ತಿದ್ದ ಒಬ್ಬ ಹುಡುಗನ್ನ ನೋಡಿ ಇವನು ಇಂಗ್ಲೆಂಡ್‌ಗೆ ಹೋಗೋ ಮಾಲು ಅಂತ ಹಟ ಹಿಡಿದ್ರು. ಅವನೇ ಅಲಿ ಅಲ್ ಹಬ್ಸಿ. ಇಂಗ್ಲೆಂಡ್ ವರ್ಕ್ ಪರ್ಮಿಟ್ ಸಿಗ್ಲಿಲ್ಲ, 2003ರಲ್ಲಿ ನಾರ್ವೆಯ ಲಿನ್ ಕ್ಲಬ್‌ಗೆ ಹೋದ, ಮುಂದಿನ ವರ್ಷನೇ ಅಲ್ಲಿನ ಬೆಸ್ಟ್ ಕೀಪರ್. 2006ರಲ್ಲಿ ಇಂಗ್ಲೆಂಡ್‌ನ ಬೋಲ್ಟನ್. ಅಲ್ಲಿ ಯಾಸ್ಕೆಲೈನೆನ್ ಅನ್ನೋ ಫಿನ್‌ಲ್ಯಾಂಡ್‌ನೋರು ಬಂಡೆ ತರ ಕೂತಿದ್ರು, ಕಾದೂ ಕಾದೂ ಸಾಕಾಗಿ 2010ರಲ್ಲಿ ವಿಗನ್‌ಗೆ ಲೋನ್ ಮೇಲೆ (ಅಂದ್ರೆ ಸ್ವಲ್ಪ ಕಾಲಕ್ಕೆ ಎರವಲಾಗಿ) ಹೋದ್ಮೇಲೆ ದೆಸೆ ತಿರುಗ್ತು. 2009ರ ಗಲ್ಫ್ ಕಪ್ ಇಲ್ಲೇ ಮಸ್ಕತ್‌ನಲ್ಲಿ ನಡೀತು, ಒಮಾನ್ ಒಂದೂ ಗೋಲ್ ಬಿಡದೇ ಗೆದ್ದಿದ್ದು, ಗೋಲಲ್ಲಿ ಇವನೇ. ಈಗ್ಲೂ ಇಲ್ಲಿ ಟ್ಯಾಕ್ಸಿ ಹತ್ತಿ ಅಲಿ ಹೆಸರು ತೆಗೆದ್ರೆ ಡ್ರೈವರ್ ಇಳಿಯೋವರೆಗೂ ಅದೇ ಮಾತು.

ಇನ್ನೊಂದು ಗಮ್ಮತ್ತು ಕೇಳಿ. 2013ರಲ್ಲಿ ವಿಗನ್ ಎಫ್‌ಎ ಕಪ್ ಗೆಲ್ತು, ಅದೇ ವಾರ ಪ್ರೀಮಿಯರ್ ಲೀಗಿಂದ ಕೆಳಗೂ ಬಿತ್ತು. ಆ ಫೈನಲ್‌ಗೆ ಅಲಿ ಬೆಂಚಲ್ಲಿ. ಮುಂದಿನ ಸೀಸನ್‌ಗೆ ಅವನ ಜಾಗಕ್ಕೆ ಬಂದೋರು ಯಾರು ಹೇಳಿ? ಇದೇ ಸ್ಕಾಟ್ ಕಾರ್ಸನ್.

ಕಹಿಬೇವು:
ಕಥೆ ಎಲ್ಲ ಚೆನ್ನಾಗಿದೆ ಸ್ವಾಮಿ, ಆದ್ರೆ ಹುಡುಗನ ಭವಿಷ್ಯದ ಪ್ರಶ್ನೆ ಇರುವಾಗ ಬರೀ ಸಕ್ಕರೆ ಸವರಬೇಡಿ. ಬರಿಜ್ ಆಟ ನಿಂತ ಮೇಲೆ ಡಿಪ್ರೆಶನ್‌ಗೆ ಹೋಗಿ ಆಸ್ಪತ್ರೆ ಸೇರಿದ್ರು, ಅದನ್ನೂ ಅವರೇ ಹೇಳಿದ್ದಾರೆ, ಅದನ್ಯಾಕೆ ಬಿಟ್ರಿ? ಜರ್ಮನಿಯ ಕೀಪರ್ ಲುಟ್ಸ್ ಫ್ಯಾನೆನ್‌ಸ್ಟೀಲ್ ಕಥೆ ನೋಡಿ, ಫೀಫಾದ ಆರೂ ಒಕ್ಕೂಟದಲ್ಲಿ (ಅಂದ್ರೆ ಪ್ರಪಂಚ ಫುಟ್‌ಬಾಲ್‌ನ ಆರೂ ವಲಯದಲ್ಲಿ) ಪ್ರೊಫೆಷನಲ್ ಆಗಿ ಆಡಿದ ಮೊದಲನೇ ಮನುಷ್ಯ, ಮಲೇಷ್ಯಾದಿಂದ ನಮೀಬಿಯಾವರೆಗೆ. ಕೇಳಕ್ಕೆ ಮಜಾ. ಆದ್ರೆ ಸಿಂಗಾಪುರದಲ್ಲಿ ಮ್ಯಾಚ್ ಫಿಕ್ಸಿಂಗ್ ಕೇಸಲ್ಲಿ 101 ದಿನ ಜೈಲಲ್ಲಿದ್ರು, ತಾನು ತಪ್ಪು ಮಾಡಿಲ್ಲ ಅಂತ ಇವತ್ತಿಗೂ ಹೇಳ್ತಾರೆ. 2002ರ ಡಿಸೆಂಬರ್ 26ಕ್ಕೆ ಇಂಗ್ಲೆಂಡ್‌ನ ಬ್ರ್ಯಾಡ್‌ಫರ್ಡ್ ಪಾರ್ಕ್ ಅವೆನ್ಯೂಗೆ ಆಡ್ತಿದ್ದಾಗ ಎದುರಾಳಿ ಮೊಣಕಾಲು ಎದೆಗೆ ಬಡಿದು ಗ್ರೌಂಡಲ್ಲೇ ಉಸಿರು ನಿಂತೋಯ್ತು, ಕ್ಲಬ್‌ನ ಫಿಸಿಯೋ ಬಾಯಿಗೆ ಬಾಯಿಟ್ಟು ಊದಿ ಉಳಿಸಿದ್ದು. ಒಂದು ವರ್ಷದ ಕಾಂಟ್ರ್ಯಾಕ್ಟು, ಬಾಡಿಗೆ ಮನೆ, ಮಕ್ಕಳ ಸ್ಕೂಲು ಅರ್ಧಕ್ಕೆ. ಇಂಗ್ಲೆಂಡ್‌ನ ಕೆಳಗಿನ ಲೀಗ್‌ಗಳಲ್ಲಿ ಕೀಪರ್‌ಗಳಿಗೆ ಪೆಟ್ಟಾದ್ರೆ ಏಳು ದಿನಕ್ಕೆ ಅಂತ ಎಮರ್ಜೆನ್ಸಿ ಲೋನ್ ಇದೆ, ಅಂದ್ರೆ ವಾರಕ್ಕೊಂದು ಊರು. ನಮ್ಮಲ್ಲೂ ಅಷ್ಟೇ, ಅರಿಂದಮ್ ಭಟ್ಟಾಚಾರ್ಯ 2020-21ರ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಬೆಸ್ಟ್ ಕೀಪರ್‌ಗೆ ಕೊಡೋ ಗೋಲ್ಡನ್ ಗ್ಲೋವ್ ಗೆದ್ದ ಮೇಲೂ ಮುಂದಿನ ಸೀಸನ್‌ಗೆ ಅವರ ಕ್ಲಬ್ ಬೇರೆ ಕೀಪರ್ ತಂತು, ಇವರು ಈಸ್ಟ್ ಬೆಂಗಾಲ್‌ಗೆ ಹೋದ್ರು. ಒಂದೇ ಕುರ್ಚಿ ಇರೋ ಕೆಲಸ ಇದು.

ರಾತ್ರಿ_ಮ್ಯಾಚ್:
@ಕಹಿಬೇವು ಒಪ್ಪಿದೆ, ಆದ್ರೆ ಅದೇ ಫ್ಯಾನೆನ್‌ಸ್ಟೀಲ್ ಆಮೇಲೆ ಹಾಫನ್‌ಹೈಮ್‌ನಲ್ಲಿ ಸ್ಕೌಟ್ ಆಗಿ, ಅಮೆರಿಕದ ಸೇಂಟ್ ಲೂಯಿಸ್ ಸಿಟಿಗೆ ಸ್ಪೋರ್ಟಿಂಗ್ ಡೈರೆಕ್ಟರ್ ಆದ್ರಲ್ಲ, ಊರೂರಲ್ಲಿ ಪರಿಚಯ ಇದ್ದಿದ್ದಕ್ಕೇ ತಾನೇ.

ಒಂದನೇ_ನಂಬರ್_ಜೆರ್ಸಿ:
ನಾನು ಬೆಂಗಳೂರು ಲೀಗ್‌ನಲ್ಲಿ ಕೆಳಗಿನ ಡಿವಿಷನ್ ಆಡಿದೋನು, ಬಹಳ ದಿನ ಎರಡನೇ ಕೀಪರ್. ಬೆಂಚಲ್ಲಿರೋನು ಸುಮ್ನೆ ಕೂತಿರ್ತಾನೆ ಅಂದ್ಕೊಂಡಿರೋರಿಗೆ: ಪ್ರಾಕ್ಟೀಸ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಬೀಳೋನೇ ಅವನು. ಮ್ಯಾಚ್ ಹಿಂದಿನ ದಿನ ಒಂದನೇ ಕೀಪರ್‌ನ ಹುಷಾರಾಗಿ ಇಟ್ಕೋತಾರೆ, ಸ್ಟ್ರೈಕರ್‌ಗಳಿಗೆ ಶೂಟಿಂಗ್ ಬೇಕು ಅಂದ್ರೆ ಗೋಲಲ್ಲಿ ನಿಲ್ಲೋದು ನಾವು. ಟರ್ಫ್ ಮೇಲೆ ಅದೇ ಪಕ್ಕಕ್ಕೆ ಬಿದ್ದೂ ಬಿದ್ದೂ ಸೊಂಟದ ಹತ್ತಿರ ಚರ್ಮ ಸುಲಿದು, ರಾತ್ರಿ ಆ ಕಡೆ ಮಗ್ಗುಲಾಗಕ್ಕೆ ಆಗಲ್ಲ, ಬನಿಯನ್ ಅಂಟ್ಕೊಂಡಿರತ್ತೆ. ಮ್ಯಾಚ್ ದಿನ ಒಂದನೇ ಕೀಪರ್‌ಗೆ ಬಾಲ್ ಹೊಡೆದು ವಾರ್ಮಪ್ ಮಾಡಿಸೋದೂ ನಾವೇ, ಅವನು ಚೆನ್ನಾಗಿ ಆಡ್ಲಿ ಅಂತ ನಿಜವಾಗ್ಲೂ ಅನ್ಸತ್ತೆ, ಪಕ್ಕದಲ್ಲೇ ಇವತ್ತು ಒಂದು ತಪ್ಪು ಮಾಡ್ಲಿ ಅಂತಾನೂ ಅನ್ಸತ್ತೆ, ಎರಡೂ ಒಟ್ಟಿಗೆ.

ನಿಮ್ಮ ಹುಡುಗನ ವಿಷಯ. 15ಕ್ಕೆ ಬಿಡೋ ಮಾತೇ ಬೇಡ, ಕೀಪರ್‌ಗಳು ಹದ ಬರೋದೇ ಲೇಟು. ಆದ್ರೆ ಈ ವಯಸ್ಸಲ್ಲಿ ಬೆಂಚೂ ಬೇಡ, ಅವನಿಗೆ ಬೇಕಿರೋದು ಮ್ಯಾಚು. ಚಿಕ್ಕ ಟೀಮ್ ಆದ್ರೂ ಪರ್ವಾಗಿಲ್ಲ, ಸೋಲೋ ಟೀಮ್ ಆದ್ರೆ ಇನ್ನೂ ಒಳ್ಳೇದು, ಬಾಲ್ ಜಾಸ್ತಿ ಬರತ್ತೆ. ಕೋಚ್ ಹತ್ರ ಜಗಳ ಆಡ್ಕೊಂಡು ಹೋಗ್ಬೇಡಿ, ಮುಂದೆ ಎಲ್ಲೋ ಒಂದ್ಕಡೆ ಅದೇ ಕೋಚ್ ಮತ್ತೆ ಸಿಗ್ತಾರೆ.

ಬಿಟಿಎಂ_ಬೆಂಚು:
ಥ್ಯಾಂಕ್ಸ್ ಎಲ್ಲರಿಗೂ, ರೂಮ್ ಜಗಳಕ್ಕೆ ಒಂದು ವಾರಕ್ಕಾಗೋಷ್ಟು ಸಾಮಾನು ಸಿಕ್ತು. @ಒಂದನೇ_ನಂಬರ್_ಜೆರ್ಸಿ ಅಣ್ಣ, ಉದ್ದ ಕಮ್ಮಿ ಇದ್ರೆ ತೊಂದ್ರೆನಾ? ಈಗ 5 ಅಡಿ 6 ಇಂಚು ಇದ್ದಾನೆ. ಮತ್ತೆ ಬರ್ತ್‌ಡೇಗೆ ದುಬಾರಿ ಗ್ಲೌಸ್ ಕೇಳ್ತಿದ್ದಾನೆ.

ಒಂದನೇ_ನಂಬರ್_ಜೆರ್ಸಿ:
ಮೇಲಿನ ಲೆವೆಲ್‌ನಲ್ಲಿ ಉದ್ದ ಕೇಳ್ತಾರೆ, ಸುಳ್ಳು ಹೇಳಲ್ಲ, ಆದ್ರೆ ಇನ್ನೂ ಬೆಳೆಯೋ ವಯಸ್ಸು. ಅಲ್ಲಿವರೆಗೆ ಕಾಲಲ್ಲಿ ಪಾಸ್ ಕೊಡೋದು ಕಲೀಲಿ, ಎರಡೂ ಕಾಲಲ್ಲಿ. ಗ್ಲೌಸ್ ಸಾಧಾರಣದ್ದೇ ಎರಡು ಜೊತೆ ಕೊಡ್ಸಿ, ಒಂದು ಪ್ರಾಕ್ಟೀಸ್‌ಗೆ, ಒಂದು ಮ್ಯಾಚ್‌ಗೆ. ಟರ್ಫ್ ಮೇಲೆ ದುಬಾರಿದೂ ಅಷ್ಟೇ ಬೇಗ ಸವೆಯತ್ತೆ. ಉಳಿದ ದುಡ್ಡಲ್ಲಿ ಸೊಂಟಕ್ಕೆ ಪ್ಯಾಡ್ ಇರೋ ಚಡ್ಡಿ ತಗೊಳ್ಳಿ, ಅಕ್ಕನೂ ಬೈಯಲ್ಲ.